ದಡದಲ್ಲಿಲ್ಲದ ದೀಪದ ಕಂಬ

೬ ಜನವರಿ ೧೯೮೬

ಅಮ್ಮನಿಗೆ,

ಬಂದು ಸೇರಿದೆ. ನೀನು ಹೆದರಿಸಿದ ಹಾಗೆ ಯಾರೂ ನನ್ನ ಪೆಟ್ಟಿಗೆ ಕದಿಯಲಿಲ್ಲ. ಎದುರು ಸೀಟಿನ ಹೆಂಗಸು ಮಾತ್ರ ನನ್ನ ಡ್ರಾಯಿಂಗ್ ಬೋರ್ಡಿನ ಮೇಲೆ ಮಗುವನ್ನು ಮಲಗಿಸಿ ಮಧ್ಯಾಹ್ನವಿಡೀ ಗೊರಕೆ ಹೊಡೆದಳು. ಮಗು ನನ್ನನ್ನೇ ನೋಡುತ್ತಿತ್ತು, ನಾನು ಅದನ್ನೇ ನೋಡುತ್ತಿದ್ದೆ.

ರೂಮು ಮೂರನೇ ಮಹಡಿಯಲ್ಲಿದೆ. ಒಂದೇ ಕಿಟಕಿ, ಅದರ ಚಿಲಕ ಮುರಿದಿದೆ. ಬಗ್ಗಿ ನೋಡಿದರೆ ನದಿ ಕಾಣುತ್ತದೆ. ಕೆಲಸ ಏನೆಂದು ನಿನಗೆ ಗೊತ್ತಲ್ಲ: ದಡದ ಮೆಟ್ಟಿಲು, ಗುಡಿ, ಮಂಟಪ ಎಲ್ಲವನ್ನೂ ಅಳೆದು ನಕ್ಷೆ ಬರೆಯಬೇಕು. ನಾಳೆ ರಿಪೇರಿ ಮಾಡುವವರಿಗೆ ಒಂದು ಕಲ್ಲೂ ಆಚೀಚೆ ಆಗಬಾರದು. ಮೂರು ತಿಂಗಳ ಕೆಲಸ. ಟೇಪು ಹಿಡಿಯಲು ಒಬ್ಬ ಹಿರಿಯರನ್ನು ಕೊಟ್ಟಿದ್ದಾರೆ. ಒಂದು ಅಂಗುಲ ತಪ್ಪಿದರೆ ಸಂಜೆಯವರೆಗೂ ಮುಖ ಊದಿಸಿಕೊಂಡಿರುತ್ತಾರೆ. ನನಗೆ ಸರಿಯಾದ ಜೋಡಿ.

ನಾಲ್ಕೂವರೆಗೆ ಕೆಲಸ ಮುಗಿಯುತ್ತದೆ. ಆಮೇಲೆ ಸುತ್ತೋಣವೆಂದರೆ ಇಲ್ಲಿ ಹೆಜ್ಜೆಗೊಂದು ಗುಡಿ. ಎಲ್ಲಿಂದ ಶುರು ಮಾಡಲಿ? ನಾನು ಹುಟ್ಟುವ ಮುಂಚೆ ನೀನೂ ಅಪ್ಪನೂ ಇಲ್ಲಿ ಒಂದು ತಿಂಗಳು ಸುತ್ತಿದ್ದನ್ನು ಎಷ್ಟು ಸಲ ಹೇಳಿದ್ದೀಯ! ನನಗೆ ಜ್ವರ ಬಂದಾಗಲೆಲ್ಲ ಮಾತ್ರೆಯ ಜೊತೆ ಈ ಊರನ್ನೂ ನುಂಗಿಸಿದ್ದೀಯ. ಅಪ್ಪ ಇದ್ದಿದ್ದರೆ ಅವರನ್ನೂ ಕೇಳುತ್ತಿದ್ದೆ. ಈಗ ನೀನೇ ಬರೆದು ಕಳಿಸು. ನೀನು ನಡೆದ ದಾರಿಯಲ್ಲೇ ನಡೆಯುತ್ತೇನೆ.

ನಿನ್ನ ಚುಕ್ಕಿ

೧೩ ಜನವರಿ

ಚುಕ್ಕಿಗೆ ಆಶೀರ್ವಾದಗಳು.

ಮೊದಲು ಆ ಚಿಲಕ ಹಾಕಿಸು. ಊರು ಆಮೇಲೆ.

ಒಂದು ದೋಣಿ ಮಾಡಿಕೊಂಡು ನದಿಯ ನಡುವಿಗೆ ಹೋಗಿ ಅಲ್ಲಿಂದ ದಡ ನೋಡು. ಎಡತುದಿಗೆ ಗಂಟೆ ಗುಡಿ. ನಡುವೆ ದೊಡ್ಡ ಮೆಟ್ಟಿಲ ಸಾಲು. ಬಲತುದಿಗೆ ವಾಲಿದ ಗುಡಿ. ಈಗ ಬಿತ್ತು ಆಗ ಬಿತ್ತು ಅನ್ನುವ ಹಾಗಿದೆ, ಆದರೆ ಬೀಳುವುದಿಲ್ಲ. ದೊಡ್ಡ ಮೆಟ್ಟಿಲನ್ನು ನೀರಿನಿಂದ ಎಣಿಸುತ್ತಾ ಹತ್ತು. ಹದಿನೇಳನೆಯದು ಉದ್ದಕ್ಕೆ ಸೀಳಿದೆ, ಕಾಲು ಜೋಪಾನ. ಗಂಟೆ ಗುಡಿಯ ಬಾಗಿಲಿಗೆ ಇಬ್ಬರು ಕಲ್ಲಿನ ಕಾವಲುಗಾರರು. ಎಡಗಡೆಯವನಿಗೆ ಮೂಗಿಲ್ಲ. ಮೇಲೆ ದೇವಿ ಗುಡಿಯ ಹೊರಗೋಡೆಯಲ್ಲಿ ಒಬ್ಬಳು ಬಲಗೈಯಲ್ಲಿ ಕನ್ನಡಿ ಹಿಡಿದು ನಿಂತಿದ್ದಾಳೆ. ಸುಂದರಿ, ಆದರೆ ಸ್ವಲ್ಪ ಜಂಬ.

ಕೊನೆಗೆ ವಾಲಿದ ಗುಡಿಗೂ ಮೆಟ್ಟಿಲಿಗೂ ನಡುವೆ, ನೀರಿನ ಅಂಚಿಗೆ, ಒಂದು ದೀಪದ ಕಂಬ ಇದೆ. ತೆಳ್ಳಗೆ, ಬೆಳ್ಳಗೆ, ಒಂದಾಳು ಎತ್ತರ. ಅದರ ಪಕ್ಕ ನಿಂತು ಸ್ವಲ್ಪ ಹೊತ್ತು ನೀರು ನೋಡು. ಇಡೀ ಊರಲ್ಲಿ ನನಗೆ ಇಷ್ಟದ ಜಾಗ ಅದು.

ಇಲ್ಲಿ ಸ್ಟುಡಿಯೋ ನಡೆಯುತ್ತಿದೆ. ನಿನ್ನ ತಮ್ಮ ಫೋಟೋ ಹೊಡೆಯುತ್ತಾನೆ, ಮುಖದ ಕಲೆಗಳನ್ನು ನೆಗೆಟಿವಿನಲ್ಲಿ ಪೆನ್ಸಿಲ್ ಹಿಡಿದು ತೆಗೆಯುವುದು ಇನ್ನೂ ನಾನೇ. ಮೊನ್ನೆ ಡಾರ್ಕ್ ರೂಮಿನ ಬೀಗದ ಕೈ ಕಳೆದು ಮನೆಯೆಲ್ಲ ಜಾಲಾಡಿದೆ. ಕೊನೆಗೆ ಸೊಸೆ, "ಅತ್ತೆ, ನಿಮ್ಮ ಕೊರಳಲ್ಲೇ ಇದೆಯಲ್ಲ" ಅಂದಳು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಅಮ್ಮ

೨೧ ಜನವರಿ

ಅಮ್ಮಾ,

ಚಿಲಕ ಹಾಕಿಸಿದೆ. ಇನ್ನು ಜಗಳಕ್ಕೆ ಬರುತ್ತೇನೆ.

ಭಾನುವಾರ ದೋಣಿಯಲ್ಲಿ ಹೋದೆ. ಗಂಟೆ ಗುಡಿ ಬಲಕ್ಕಿದೆ. ವಾಲಿದ ಗುಡಿ ಎಡಕ್ಕಿದೆ. "ಹಿಂದೆ ಹೀಗೇ ಇತ್ತಾ?" ಅಂತ ದೋಣಿಯವನನ್ನು ಕೇಳಿದೆ. "ಗುಡಿಗಳು ಎದ್ದು ಜಾಗ ಬದಲಾಯಿಸ್ತವಾ ತಾಯಿ?" ಅಂದ. ದೋಣಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಮೂಗಿಲ್ಲದ ಕಾವಲುಗಾರ ಕೂಡ ಬಲಗಡೆಯವನು. ನನ್ನ ಜೊತೆ ಚೇಷ್ಟೆ ಮಾಡುತ್ತಿದ್ದೀಯ ತಾನೆ? ಹದಿನೇಳನೇ ಮೆಟ್ಟಿಲು ಮಾತ್ರ ನೀನು ಹೇಳಿದ ಹಾಗೇ ಸೀಳಿದೆ.

ದೀಪದ ಕಂಬ ಎಲ್ಲೂ ಇಲ್ಲ. ನಾನು ಎರಡೂ ಕಡೆ ಹುಡುಕಿದೆ. ಟೇಪಿನವರು ಹುಟ್ಟಿದ್ದು ಈ ದಡದಲ್ಲೇ. ಅವರಿಗೂ ಅಂಥದ್ದೊಂದು ನೋಡಿದ ನೆನಪಿಲ್ಲ. ಸರಿಯಾಗಿ ಯೋಚಿಸಿ ಬರೆ, ಬೇರೆ ಯಾವುದೋ ಊರಿನದನ್ನು ಇಲ್ಲಿಗೆ ತಂದಿಟ್ಟಿದ್ದೀಯ ಅಂತ ಕಾಣುತ್ತದೆ.

ಅಂದ ಹಾಗೆ, ಬೀಗದ ಕೈ ಕಳೆದದ್ದು ಅದೊಂದೇ ಸಲವಾ?

ಚುಕ್ಕಿ

೨೮ ಜನವರಿ

ಚುಕ್ಕಿ,

ಮೂವತ್ತೆರಡು ವರ್ಷ ಆಯಿತು. ಕಂಬ ಬಿದ್ದುಹೋಗಿರಬಹುದು. ಎಡ ಬಲ ಹೇಳುವಾಗ ನಾನು ಯಾವ ಕಡೆ ಮುಖ ಮಾಡಿ ಕೂತಿದ್ದೆನೋ. ಅದನ್ನೇ ಹಿಡಿದು ಎಳೆಯಬೇಡ.

ಕನ್ನಡಿಯವಳು ಮಾತ್ರ ಬಲಗೈಯಲ್ಲೇ ಹಿಡಿದಿದ್ದಾಳೆ. ಅದರಲ್ಲಿ ಅನುಮಾನವೇ ಬೇಡ. ಅವಳ ಒಂದೊಂದು ಬೆರಳೂ ನನಗೆ ಗೊತ್ತು.

ಇಲ್ಲಿ ಚಳಿ ಕಡಿಮೆಯಾಗಿದೆ. ಶಾಲೆಯ ಗ್ರೂಪ್ ಫೋಟೋಗಳು ಬಂದಿವೆ, ಕೈತುಂಬ ಕೆಲಸ.

ಅಮ್ಮ

೫ ಫೆಬ್ರುವರಿ

ಅಮ್ಮಾ,

ಕನ್ನಡಿ ಎಡಗೈಯಲ್ಲಿದೆ.

ಇವತ್ತು ಏಣಿ ಹಾಕಿ ಅವಳನ್ನೇ ಅಳೆದೆ. ಕನ್ನಡಿಯಿಂದ ಗಲ್ಲಕ್ಕೆ ಹನ್ನೊಂದು ಅಂಗುಲ. ಅದು ಎಡಗೈ. ಕಲ್ಲಿನ ಹೆಂಗಸು ಮೂವತ್ತೆರಡು ವರ್ಷದಲ್ಲಿ ಕೈ ಬದಲಾಯಿಸುವುದಿಲ್ಲ, ಅವಳನ್ನು ಯಾವ ಕಡೆಯಿಂದ ನೋಡಿದರೂ ಅವಳ ಎಡಗೈ ಎಡಗೈಯೇ. ಏಣಿಯ ಮೇಲೇ ಸ್ವಲ್ಪ ಹೊತ್ತು ಕೂತುಬಿಟ್ಟೆ. ಕೆಳಗಿನಿಂದ ಟೇಪಿನವರು, "ತಲೆ ಸುತ್ತಿತಾ ಮಗಾ?" ಅಂತ ಕೂಗಿದರು.

ಅಜ್ಜಿಯ ನೆನಪಾಗುತ್ತಿದೆ. ಯಾಕೋ ಗೊತ್ತಿಲ್ಲ. ಅಜ್ಜಿ ಎಣ್ಣೆ ಬಾಟಲಿ ಹಿಡಿದು ಅಂಗಡಿಗೆ ಹೋದವರು ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿದ್ದರಲ್ಲ, ನನಗಾಗ ಒಂಬತ್ತು ವರ್ಷ. ಹುಡುಕಿಕೊಂಡು ಹೋದವಳು ನಾನೇ. ಬಸ್ ಸ್ಟ್ಯಾಂಡಿನಲ್ಲಿ ಕೂತು ನನ್ನನ್ನೇ, "ನಿಮ್ಮ ಮನೆ ಎಲ್ಲಮ್ಮಾ?" ಅಂತ ಕೇಳಿದ್ದರು.

ಬಿಡು. ನೀನು ಹುಷಾರಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು. ತಮ್ಮನಿಗೂ ಒಂದು ಕಾಗದ ಹಾಕಿದ್ದೇನೆ, ಸುಮ್ಮನೆ ಕ್ಷೇಮ ಸಮಾಚಾರ.

ಚುಕ್ಕಿ

೧೪ ಫೆಬ್ರುವರಿ

ಚುಕ್ಕಿ,

ನಿನ್ನ ತಮ್ಮನಿಗೆ ಏನನ್ನೂ ಬಚ್ಚಿಡಲು ಬರುವುದಿಲ್ಲ, ಚಿಕ್ಕಂದಿನಿಂದಲೂ. ನಿನ್ನ ಕ್ಷೇಮ ಸಮಾಚಾರವನ್ನು ಅಂಗಡಿಯ ಮೇಜಿನ ಮೇಲೇ ಬಿಟ್ಟಿದ್ದ. ಓದಿದೆ. "ಅಮ್ಮನಿಗೆ ಅಜ್ಜಿಯ ಕಾಯಿಲೆ ಶುರುವಾದ ಹಾಗಿದೆ. ಆಸಿಡ್ ಬಾಟಲಿಗಳಿರುವ ಕೋಣೆಗೆ ಒಬ್ಬಳನ್ನೇ ಬಿಡಬೇಡ. ನಾನು ಹೇಳಿದೆ ಅಂತ ಹೇಳಬೇಡ." ಅಕ್ಷರ ಮುದ್ದಾಗಿದೆ. ನಾನೇ ಕೈಹಿಡಿದು ತಿದ್ದಿಸಿದ್ದು.

ಅವನು ಡಾರ್ಕ್ ರೂಮಿನ ಬೀಗದ ಕೈ ಇಸಿದುಕೊಂಡ. ಕೊರಳಿಂದ ತೆಗೆದು ಕೊಡುವಾಗ ಅವನ ಕಣ್ಣಲ್ಲಿ ನೀರಿತ್ತು, ಆದ್ದರಿಂದ ಬೈಯಲೂ ಆಗಲಿಲ್ಲ. ಚುಕ್ಕಿ, ಆ ಕೋಣೆಯಲ್ಲಿ ಮೂವತ್ತು ವರ್ಷ ಕತ್ತಲಲ್ಲಿ ಕೈಯಿಂದ ತಡವಿ ಕೆಲಸ ಮಾಡಿದ್ದೇನೆ. ಯಾವ ಬಾಟಲಿ ಎಲ್ಲಿ ಅಂತ ನನ್ನ ಬೆರಳಿಗೆ ಗೊತ್ತು. ಈಗ ಹಗಲು ಹೊತ್ತಿನಲ್ಲಿ ಅಡುಗೆಮನೆಗೆ ಹೋದರೂ ಸೊಸೆ ಹಿಂದೆಯೇ ಬರುತ್ತಾಳೆ, ನೀರು ಕುಡಿಯುವ ನೆಪ. ಪಾಪ, ದಿನಕ್ಕೆ ಎಷ್ಟು ನೀರು ಕುಡಿದಾಳು!

ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದರು. ತಾರೀಖು ಕೇಳಿದರು, ಹೇಳಿದೆ. ನೂರರಿಂದ ಏಳೇಳು ಕಳೆಯಲು ಹೇಳಿದರು, ಕಳೆದೆ. ಆಮೇಲೆ, "ಎಡಗೈ ಎತ್ತಿ ತಾಯಿ" ಅಂದರು.

ನನ್ನ ಬಲಗೈ ಎದ್ದಿತು.

ತಕ್ಷಣ ಗೊತ್ತಾಯಿತು, ಇಳಿಸಿ ಎಡಗೈ ಎತ್ತಿದೆ. ಆದರೆ ಅವರು ಬರೆದುಕೊಂಡಾಗಿತ್ತು. ನಿನ್ನ ತಮ್ಮ ನೆಲ ನೋಡಿದ. ಎರಡು ತಿಂಗಳು ಬಿಟ್ಟು ಮತ್ತೆ ಬರಬೇಕಂತೆ. ಅಲ್ಲಿಯವರೆಗೆ ಡಾರ್ಕ್ ರೂಮು ಬೇಡ. ಆಮೇಲೂ ಬೇಡ ಅಂತ ಮನೆಯಲ್ಲಿ ಆಗಲೇ ತೀರ್ಮಾನ ಆದ ಹಾಗಿದೆ. ಕೆಂಪು ಬಲ್ಬು ಬಿಚ್ಚಿ ಅಲ್ಲಿ ಹಳೆ ಸಾಮಾನು ಇಡುವ ಮಾತು ಕಿವಿಗೆ ಬಿತ್ತು.

ಸದ್ಯಕ್ಕೆ ನನಗೆ ಕಾಗದ ಬರೆಯಬೇಡ.

ಅಮ್ಮ

೨೧ ಫೆಬ್ರುವರಿ

ಅಮ್ಮಾ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಪೋಸ್ಟಾಫೀಸಿಗೆ ಹೋಗಿ ಮೂರು ಸಲ ಟ್ರಂಕ್ ಕಾಲ್ ಹಾಕಿದೆ. ಮೂರು ಸಲವೂ ತಮ್ಮನೇ ತೆಗೆದ. "ಅಮ್ಮ ಬರಲ್ವಂತೆ ಅಕ್ಕಾ" ಅಂದ. ಹಿಂದೆ ನಿನ್ನ ಕೆಮ್ಮು ಕೇಳಿಸಿತು.

ನಾನು ಮಾಡಿದ್ದು ತಪ್ಪು. ನಿನಗೇ ನೇರ ಬರೆಯಬೇಕಿತ್ತು. ಧೈರ್ಯ ಬರಲಿಲ್ಲ. ನೀನೂ ಒಂದು ದಿನ ನನ್ನನ್ನು, ನಿಮ್ಮ ಮನೆ ಎಲ್ಲಮ್ಮಾ ಅಂತ ಕೇಳಿಬಿಟ್ಟರೆ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿದೆ. ಕೆಲಸದಲ್ಲೂ ಅಳತೆ ತಪ್ಪುತ್ತಿದೆ. ಟೇಪಿನವರು ಈಗ ಮುಖ ಊದಿಸಿಕೊಳ್ಳುವುದನ್ನೂ ಬಿಟ್ಟಿದ್ದಾರೆ. ಸುಮ್ಮನೆ ಇನ್ನೊಂದು ಸಲ ಅಳೆಯುತ್ತಾರೆ. ಅದು ಇನ್ನೂ ಕಷ್ಟ.

ಬೈ. ಆದರೆ ಬರೆ.

ಚುಕ್ಕಿ

೨೭ ಫೆಬ್ರುವರಿ

ಅಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸರಿಯಿಲ್ಲ. ಪೂರ್ತಿ ಓದು.

ನೀನು ಹೇಳಿದ ಊರನ್ನು ನಾನು ಒಂದು ಟ್ರೇಸಿಂಗ್ ಪೇಪರಿನ ಮೇಲೆ ಬರೆದಿಟ್ಟಿದ್ದೆ. ನಿನ್ನ ಕಾಗದದಲ್ಲಿದ್ದದ್ದು, ಚಿಕ್ಕಂದಿನಲ್ಲಿ ಕೇಳಿದ್ದು, ಎಲ್ಲ. ಎಷ್ಟು ತಪ್ಪಿದೆ ಅಂತ ಲೆಕ್ಕ ಹಾಕಲು. ಡಾಕ್ಟರಿಗೆ ತೋರಿಸಬೇಕು ಅಂತಲೂ ಮನಸ್ಸಿನಲ್ಲಿತ್ತು. ನಿಜ ಹೇಳಿಬಿಡುತ್ತೇನೆ.

ಇವತ್ತು ಟೇಪಿನವರು ಹಾಳೆಗಳನ್ನು ಜೋಡಿಸುವಾಗ ಅದನ್ನು ನನ್ನ ನಕ್ಷೆಯ ಮೇಲೆ ಮಗುಚಿ ಇಟ್ಟರು. ಬೈಯಲು ಹೋದವಳು ಹಾಳೆಯ ಮೇಲೆ ಬಗ್ಗಿದೆ. ನಿನ್ನ ಗಂಟೆ ಗುಡಿ ನನ್ನ ಗಂಟೆ ಗುಡಿಯ ಮೇಲೆ ಕೂತಿದೆ. ವಾಲಿದ ಗುಡಿಯ ಮೇಲೆ ವಾಲಿದ ಗುಡಿ. ನೀನು ಹೇಳುತ್ತಿದ್ದ ಮಂಟಪದ ಆರು ಕಂಬ, ಮುರಿದ ತೊಟ್ಟಿ, ಮೆಟ್ಟಿಲ ಪಕ್ಕದ ಸಣ್ಣ ಬಾಗಿಲು, ಒಂದೂ ತಪ್ಪಿಲ್ಲ. ಅಮ್ಮಾ, ಒಂದೂ ತಪ್ಪಿಲ್ಲ! ಇಡೀ ಊರು ಮಗುಚಿಕೊಂಡಿದೆ ಅಷ್ಟೆ.

ಆಗ ನೀನು ಕೆಲಸಕ್ಕೆ ಕೂರುವ ಭಂಗಿ ಕಣ್ಣಿಗೆ ಬಂತು. ಇಳಿಜಾರು ಮೇಜು, ಕೆಳಗಿನಿಂದ ಬೆಳಕು, ನೆಗೆಟಿವಿನ ಮದ್ದು ಬಳಿದ ಮುಖ ಮೇಲಕ್ಕೆ. ಪೆನ್ಸಿಲ್ ಹಿಡಿಯುವುದು ಆ ಮುಖದ ಮೇಲೇ. ಆ ಕಡೆಯಿಂದ ನೋಡಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವಳು ನೀನೇ. "ನಿನ್ನ ಕೆನ್ನೆಯ ಚುಕ್ಕಿ ನನ್ನ ಮೇಜಿನ ಮೇಲೆ ಆ ಕಡೆಗೆ ಹೋಗುತ್ತೆ" ಅನ್ನುತ್ತಿದ್ದೆ.

ಅಮ್ಮಾ, ನೀನು ಇಲ್ಲಿಗೆ ಬಂದೇ ಇಲ್ಲ, ಅಲ್ಲವಾ? ಅಪ್ಪ ತೆಗೆದ ನೆಗೆಟಿವ್‌ಗಳಲ್ಲಿ ನೋಡಿದ್ದೀಯ.

ಬಂದಿದ್ದೇನೆ ಅಂತ ಯಾಕೆ ಹೇಳಿದೆ ಅಂತ ನನಗೆ ಗೊತ್ತಿಲ್ಲ. ಕೋಪವಿಲ್ಲ. ಆದರೆ ದೀಪದ ಕಂಬ ಮಾತ್ರ ಹಾಳೆ ಮಗುಚಿದರೂ ಇಲ್ಲ, ಮಗುಚದಿದ್ದರೂ ಇಲ್ಲ. ಬೇರೆಲ್ಲ ಇಷ್ಟು ಸರಿಯಿರುವಾಗ ಅದೊಂದು ಎಲ್ಲಿಂದ ಬಂತು? ನನಗೆ ಈಗ ಉಳಿದಿರುವ ಹೆದರಿಕೆ ಅದೊಂದೇ. ದಯವಿಟ್ಟು ಹೇಳು.

ಚುಕ್ಕಿ

೬ ಮಾರ್ಚ್

ಚುಕ್ಕಿಗೆ ಆಶೀರ್ವಾದಗಳು.

ಸಿಕ್ಕಿಬಿದ್ದೆ. ಮೂವತ್ತೊಂದು ವರ್ಷದ ಮಗಳ ಕೈಗೆ, ಅದೂ ಒಂದು ಹಾಳೆಯ ದೆಸೆಯಿಂದ.

ನಾನು ಬಂದಿಲ್ಲ. ಒಂದು ಪುಸ್ತಕ ಮಾಡುವವರು ನಿಮ್ಮಪ್ಪನಿಗೆ ಆ ಊರಿನ ಫೋಟೋ ತೆಗೆಯುವ ಕೆಲಸ ಕೊಟ್ಟಿದ್ದರು. ಇಬ್ಬರಿಗೂ ಟಿಕೆಟ್ ತೆಗೆದಾಗಿತ್ತು. ನಾನು ಎರಡು ಹೊಸ ಸೀರೆಗೆ ಫಾಲ್ ಹಚ್ಚಿಟ್ಟಿದ್ದೆ. ನೀನು ಹೊಟ್ಟೆಯಲ್ಲಿ ನಾಲ್ಕು ತಿಂಗಳು. ಹೊರಡುವ ಹಿಂದಿನ ದಿನ ಬಟ್ಟೆಯಲ್ಲಿ ರಕ್ತ ಕಂಡಿತು. ರೈಲು ಹತ್ತಿದರೆ ಮಗು ಉಳಿಯುವುದಿಲ್ಲ, ಎದ್ದು ಓಡಾಡಬೇಡಿ ಅಂದರು ಡಾಕ್ಟರಮ್ಮ. ನಿಮ್ಮಪ್ಪ ತಾನೂ ಹೋಗುವುದಿಲ್ಲ ಅಂತ ಹಟ ಹಿಡಿದರು, ನಾನೇ ಗದರಿಸಿ ಕಳಿಸಿದೆ.

ಅವರು ನಲವತ್ತು ಗಾಜಿನ ನೆಗೆಟಿವ್ ತಂದರು. ಹಾಸಿಗೆಯ ಪಕ್ಕಕ್ಕೆ ಮೇಜು ಎಳೆದುಕೊಂಡು ಎರಡು ತಿಂಗಳು ಅವನ್ನೇ ತಿದ್ದಿದೆ. ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ, ಆದರೆ ಆ ಮೆಟ್ಟಿಲು ದಿನಾ ಹತ್ತುತ್ತಿದ್ದೆ. ಪುಸ್ತಕದವರು ನೆಗೆಟಿವ್‌ಗಳನ್ನೇ ಒಯ್ದರು, ಪ್ರಿಂಟು ಅವರೇ ಹಾಕಿಕೊಂಡರು. ಪುಸ್ತಕ ಬರಲೇ ಇಲ್ಲ. ಹಾಗಾಗಿ ಆ ಊರು ನನಗೆ ಯಾವತ್ತೂ ನೇರ ಮುಖ ತೋರಿಸಲಿಲ್ಲ. ಜನರ ಮುಖವಾದರೆ ಮಗುಚಿದೆ ಅಂತ ಮನಸ್ಸು ತಾನೇ ಸರಿಮಾಡಿಕೊಳ್ಳುತ್ತದೆ. ಊರಿನ ವಿಷಯದಲ್ಲಿ ಅದು ಮರೆತೇಹೋಯಿತು, ನನ್ನ ಕಾಲೇ ನಡೆದ ಹಾಗೆ ಆಗಿಬಿಟ್ಟಿತ್ತು.

ಯಾಕೆ ಸುಳ್ಳು ಹೇಳಿದೆ ಅಂದರೆ, ನಿನಗೆ ಆರು ವರ್ಷದಲ್ಲಿ ದಡಾರ ಬಂದಿತ್ತು. ಕಣ್ಣು ಬಿಡಲಾಗದೆ ಅಳುತ್ತಿದ್ದೆ. ಸುಮ್ಮನಿರಲಿ ಅಂತ ಆ ಊರನ್ನು ಹೇಳಿದೆ. "ನೀನು ಹೋಗಿದ್ಯಾ ಅಮ್ಮಾ?" ಅಂದೆ. ಇಲ್ಲ ಅಂದರೆ ಯಾಕೆ ಹೋಗಲಿಲ್ಲ ಅನ್ನುತ್ತಿದ್ದೆ, ನೀನು ಬಿಡುವವಳಲ್ಲ. ನೀನು ಹೊಟ್ಟೆಯಲ್ಲಿದ್ದದ್ದಕ್ಕೆ ಹೋಗಲಾಗಲಿಲ್ಲ ಅಂತ ಹುಷಾರಿಲ್ಲದ ಮಗುವಿಗೆ ಹೇಗೆ ಹೇಳುವುದು? ಹೂಂ, ಹೋಗಿದ್ದೆ ಅಂದುಬಿಟ್ಟೆ. ಆಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಜಾಗವೇ ಸಿಗಲಿಲ್ಲ.

ಇನ್ನು ಕಂಬ. ಒಂದು ಗಾಜಿನ ಮೇಲೆ ನೆಟ್ಟಗೆ ನಿಂತ ಹಾಗೆ ಒಂದು ಸಣ್ಣ ಗೀರು ಬಿದ್ದಿತ್ತು, ಸರಿಯಾಗಿ ನೀರಿನ ಅಂಚಿಗೆ. ಮುಚ್ಚಲು ಎಷ್ಟು ಒದ್ದಾಡಿದರೂ ಆಗಲಿಲ್ಲ. ಕೊನೆಗೆ ಅದನ್ನೇ ಕಂಬ ಮಾಡಿದೆ. ನೆಗೆಟಿವಿನ ಮೇಲೆ ಕಪ್ಪಗೆ ತುಂಬಿದ್ದು ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ, ಬಿಳಿ ಕಂಬ. ತುದಿಗೆ ಒಂದು ದೀಪದ ಗೂಡನ್ನೂ ಇಟ್ಟೆ. ನಿಮ್ಮಪ್ಪ ನೋಡಿ, "ಇದನ್ನ ಯಾರು ಕಟ್ಟಿಸಿದ್ದು?" ಅಂದರು. "ನಾನೇ" ಅಂದೆ. ಆ ಊರಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಸುಳ್ಳಿನೊಳಗಿನ ಸುಳ್ಳು ಅಂತ ನನಗೆ ಗೊತ್ತಿತ್ತು, ಆದರೂ ನಿನ್ನನ್ನು ಅದರ ಪಕ್ಕ ನಿಲ್ಲಿಸುವ ಆಸೆಯಾಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳುತ್ತೇನೆ. ಡಾಕ್ಟರ ಎದುರು ಬಲಗೈ ಎದ್ದದ್ದು ಹೆದರಿಕೆಗೆ. ಹಾಗಂತ ಅಂದುಕೊಂಡಿದ್ದೇನೆ. ಪೂರ್ತಿ ಖಾತ್ರಿ ನನಗೂ ಇಲ್ಲ. ನಿನ್ನ ಅಜ್ಜಿ ನನ್ನ ಅಮ್ಮ, ಚುಕ್ಕಿ. ನಿನಗಿಂತ ಮೊದಲಿನಿಂದ ನಾನು ಹೆದರುತ್ತಿದ್ದೇನೆ. ದಿನಾ ಬೆಳಿಗ್ಗೆ ಎದ್ದಕೂಡಲೇ ಬೀದಿಯ ಅಂಗಡಿಗಳ ಹೆಸರು ಒಂದೊಂದೇ ಹೇಳಿಕೊಳ್ಳುತ್ತೇನೆ.

ಅಮ್ಮ

೧೩ ಮಾರ್ಚ್

ಅಮ್ಮಾ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ಕೂತು ಓದಿದೆ. ಹದಿನೇಳನೆಯದರ ಮೇಲೆ. ಅತ್ತುಬಿಟ್ಟೆ. ಟೇಪಿನವರು ಟೇಪು ಸುತ್ತಿಟ್ಟು ಪಕ್ಕದಲ್ಲಿ ಕೂತರು, ಅವರೊಳಗೆ ಅಷ್ಟು ಮೆತ್ತನೆಯ ಮನುಷ್ಯ ಇದ್ದಾರೆ ಅಂತ ಗೊತ್ತಿರಲಿಲ್ಲ.

ತಮ್ಮನಿಗೆ ನಕ್ಷೆ, ನಿನ್ನ ಹಾಳೆ ಎರಡನ್ನೂ ಕಳಿಸಿ, ಮಗುಚಿ ನೋಡು ಅಂತ ಬರೆದಿದ್ದೇನೆ. ಬೀಗದ ಕೈ ನಿನ್ನ ಕೊರಳಿಗೆ ವಾಪಸು ಬರಬೇಕು ಅಂತಲೂ. ನಾನೇ ತೆಗೆಸಿದ್ದು, ನಾನೇ ಹಾಕಿಸಬೇಕು. ಡಾಕ್ಟರ ಹತ್ತಿರ ಎರಡನೇ ಸಲ ಹೋಗುವಾಗ ನಾನು ಜೊತೆಗಿರುತ್ತೇನೆ. ಏನೇ ಹೇಳಲಿ, ಇಬ್ಬರೂ ಕೇಳೋಣ.

ಅದಕ್ಕೆ ಮುಂಚೆ ನೀನು ಇಲ್ಲಿಗೆ ಬಾ. ಇನ್ನೂ ಮೂರು ವಾರ ಕೆಲಸವಿದೆ. ರೂಮಿನಲ್ಲಿ ಎರಡನೇ ಮಂಚ ಹಾಕಿಸಿದ್ದೇನೆ, ಕೇಳದೆಯೇ. ನೀರಿನ ಅಂಚಿನಲ್ಲಿ, ವಾಲಿದ ಗುಡಿಗೂ ಮೆಟ್ಟಿಲಿಗೂ ನಡುವೆ, ನನ್ನ ನಕ್ಷೆಯಲ್ಲಿ ಬರೀ ಬಿಳಿ ಜಾಗ. ಇಲ್ಲದ್ದನ್ನು ಬರೆಯಲು ನನಗೆ ಅನುಮತಿಯಿಲ್ಲ.

ಚುಕ್ಕಿ

೧೯ ಮಾರ್ಚ್

ಚುಕ್ಕಿಗೆ ಆಶೀರ್ವಾದಗಳು.

ನಿನ್ನ ತಮ್ಮ ಹಾಳೆಯನ್ನು ಕಿಟಕಿಗೆ ಹಿಡಿದು ಹತ್ತು ಸಲ ಮಗುಚಿದ. ಆಮೇಲೆ ಬೀಗದ ಕೈ ತಂದು ಕೊರಳಿಗೆ ಹಾಕಿದ. ಸೊಸೆ ಈಗ ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದಾಳೆ.

ಇಪ್ಪತ್ತಾರನೇ ತಾರೀಖು ಬೆಳಿಗ್ಗೆ ಬಂದು ಇಳಿಯುತ್ತೇನೆ. ಟಿಕೆಟ್ ನಾನೇ ಹೋಗಿ ತೆಗೆಸಿದೆ. ಕಿಟಕಿಯ ಸೀಟು. ನಿನ್ನೆಯಿಂದ ನಾಲ್ಕು ಸಲ ಪೆಟ್ಟಿಗೆ ಕಟ್ಟಿ ಬಿಚ್ಚಿದ್ದೇನೆ, ಅಷ್ಟು ಹೆದರಿಕೆ. ಊರಿನದ್ದಲ್ಲ, ನನ್ನದೇ.

ಸ್ಟೇಷನ್ನಿಗೆ ಬಾ, ಆದರೆ ನನ್ನ ಕೈ ಹಿಡಿದು ನಡೆಸಬೇಡ. ಎರಡು ಹೆಜ್ಜೆ ಹಿಂದೆ ಇರು. ದಡಕ್ಕೆ ನಾನೇ ಹೋಗಿ ನೋಡುತ್ತೇನೆ. ತಪ್ಪು ಕಡೆ ತಿರುಗಿದರೆ ಕೂಗಬೇಡ, ತಿರುಗಿ ಬರುವವರೆಗೆ ಕಾಯಿ. ಬಹಳ ಹೊತ್ತಾದರೂ ಬರದಿದ್ದರೆ ಆಗ ಕೂಗು. ಅಮ್ಮಾ ಅಂತಲೇ ಕೂಗು, ಗುರುತು ಸಿಗುತ್ತದೆ.

ಗುಡಿಗಳೆಲ್ಲ ಆಮೇಲೆ. ಮೊದಲು ನಿನ್ನ ನಕ್ಷೆಯ ಆ ಬಿಳಿ ಜಾಗ ಎಲ್ಲಿ ಅಂತ ತೋರಿಸು. ಕಂಬ ಇಲ್ಲದಿದ್ದರೆ ಬೇಡ. ಅಲ್ಲಿ ಸ್ವಲ್ಪ ಹೊತ್ತು ನಾನೇ ನಿಂತುಕೊಳ್ಳುತ್ತೇನೆ.

ಅಮ್ಮ